‘ನಂದೇ ತಪ್ಪು’ ಅಂದಿರಾ?

ಹೋಟೆಲಿನಲ್ಲೋ, ಬಟ್ಟೆ ಅಂಗಡಿಯಲ್ಲೋ, ಕಲ್ಯಾಣ ಮಂಟಪದಲ್ಲೋ ಜಾರಿ ಬಿದ್ದು ಕೈಕಾಲು ಮುರಿದುಕೊಂಡವರು ಪರಿಹಾರ ಕೇಳಿ ಕೋರ್ಟಿಗೆ ಬಂದರೆ, ಮಾಲೀಕರ ಪರವಾಗಿ ನಿಲ್ಲುವ ವಕೀಲೆ ನಾನು. ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಇದೇ ನನ್ನ ಕಸುಬು. ಬಿದ್ದವರ ಪರ ವಾದಿಸಿ ಹೆಸರು ಮಾಡಿದವರಿದ್ದಾರೆ, ಅವರ ಪುಣ್ಯ. ಮದುವೆ ಮನೆಯಲ್ಲಿ ಯಾರಾದರೂ ಪಕ್ಕದ ಎಲೆಯಿಂದ ‘ನೀವು ಎಂಥ ಕೇಸು ನಡೆಸ್ತೀರಿ?’ ಎಂದು ಕೇಳಿದರೆ ‘ಸಿವಿಲ್’ ಎಂದಷ್ಟೇ ಹೇಳಿ ಪಾಯಸ ಬಡಿಸಿಕೊಳ್ಳುತ್ತೇನೆ.

ಕೆಲವು ಮಾಲೀಕರು ಕೆಲಸಗಾರರಿಗೆ ಪಾಠ ಹೇಳಲು ನನ್ನನ್ನು ಕರೆಸುತ್ತಾರೆ. ಊಟದ ಹೊತ್ತು ಮುಗಿದ ಮೇಲೆ ಸಪ್ಲೈಯರುಗಳನ್ನೆಲ್ಲ ಕೂರಿಸಿ ಹೇಳುತ್ತೇನೆ: ಗಿರಾಕಿ ಬಿದ್ದರೆ ಎತ್ತಿ, ಕುರ್ಚಿ ಹಾಕಿ, ನೀರು ಕೊಡಿ, ಆದರೆ ಅಪ್ಪಿತಪ್ಪಿಯೂ ‘ಅಯ್ಯೋ, ನಮ್ಮದೇ ತಪ್ಪು’ ಅನ್ನಬೇಡಿ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಊರಿನಲ್ಲಿ ಆ ಮಾತನ್ನಾಡದೆ ಒಂದು ದಿನ ಕಳೆಯುವುದಾದರೂ ಹೇಗೆ? ಸಿಟಿ ಬಸ್ಸಿನಲ್ಲಿ ಕಾಲು ತುಳಿದವರು ಸುಮ್ಮನಿದ್ದರೂ ತುಳಿಸಿಕೊಂಡವರೇ ‘ಇರ್ಲಿ ಬುಡಿ, ನಂದೇ ತಪ್ಪು, ಕಾಲು ಚಾಚ್ಕೊಂಡಿದ್ದೆ’ ಎನ್ನುತ್ತಾರೆ. ಯಾರೂ ಅದನ್ನು ನಿಜವೆಂದು ಆಡುವುದಿಲ್ಲ, ನಿಜವೆಂದು ಕೇಳುವುದೂ ಇಲ್ಲ. ಮಾತು ಬೆಳೆಯದಿರಲಿ ಎಂದು ಒಬ್ಬರು ತಗ್ಗುತ್ತಾರೆ, ಅಲ್ಲಿಗೆ ಮುಗಿಯಿತು. ಅದೇ ಮಾತು ಕೋರ್ಟಿನ ಹೊಸ್ತಿಲು ದಾಟಿದರೆ ‘ತಪ್ಪೊಪ್ಪಿಗೆ’ ಆಗುತ್ತದೆ. ಆ ಹೊಸ್ತಿಲಲ್ಲಿ ಕಾದು ಕೂತು ನಾನು ಅನ್ನ ಸಂಪಾದಿಸಿದ್ದೇನೆ.

ಬನ್ನಿಮಂಟಪದ ಕಡೆಯ ಒಂದು ಹೋಟೆಲಿನ ಕೇಸು ಅದು. ಬಿದ್ದವರು ಕುಂಬಾರಕೊಪ್ಪಲಿನ ಒಬ್ಬ ಹೆಂಗಸು, ಅರವತ್ತರ ಹತ್ತಿರ ವಯಸ್ಸು. ಯಾದವಗಿರಿಯಲ್ಲಿ ಮೂರು ಮನೆಗೆ ಅಡುಗೆ ಮಾಡುತ್ತಿದ್ದರು. ದಿನವೂ ಊರವರಿಗೆ ಬೇಯಿಸಿ ಹಾಕುವ ಆಕೆ ತಂಗಿಯ ಬಲವಂತಕ್ಕೆ ಒಂದು ಮಧ್ಯಾಹ್ನ ಹೋಟೆಲಿನಲ್ಲಿ ಉಂಡಿದ್ದರು. ತಂಗಿ ಇನ್ನೂ ಮಜ್ಜಿಗೆ ಕುಡಿಯುತ್ತಿದ್ದಳು. ಇವರು ಕೈ ತೊಳೆಯಲು ಹೋಗಿ ಬೇಸಿನ್ನಿನ ಮುಂದೆ ಜಾರಿದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿ ಹಾಕಿದ ಪ್ಲೇಟು ಸರಿಯಾಗಿ ಕೂರಲಿಲ್ಲ. ಇನ್ನೊಂದು ಆಪರೇಷನ್ ಆದರೆ ಒಲೆಯ ಮುಂದೆ ನಿಲ್ಲಬಹುದು, ಆಗದಿದ್ದರೆ ವಾಕರ್ ಹಿಡಿದೇ ಓಡಾಡಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ದಾವೆ ಗೆದ್ದರೆ ಆ ಆಪರೇಷನ್ನು. ಸೋತರೆ ಇಲ್ಲ.

ನೋಟಿಸು ಹಿಡಿದು ಬಂದ ಮಾಲೀಕರು ಕೆಂಡವಾಗಿದ್ದರು. “ನೋಡಿ ಮೇಡಂ, ಆಯಮ್ಮ ಅವತ್ತು ಎಲ್ಲರ ಮುಂದೆ ‘ನಂದೇ ತಪ್ಪು’ ಅಂದವ್ರೆ. ನಮ್ಮ ಮ್ಯಾನೇಜರ್ರು ಕಿವಿಯಾರೆ ಕೇಳವ್ರೆ. ಈಗ ನೋಟಿಸು ಕಳಿಸ್ತಾರಲ್ಲ, ಏನನ್ಬೇಕು ಇವ್ರಿಗೆ?”

ನಾನು ಆ ಎರಡು ಪದ ಬರೆದುಕೊಂಡು ಕೆಳಗೊಂದು ಗೆರೆ ಎಳೆದೆ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ತುಂಬ ಖುಷಿಯಾಯಿತು.

ಅವತ್ತು ಅಲ್ಲಿ ನೆಲ ಒರೆಸಿದವರನ್ನು ನನ್ನ ಆಫೀಸಿಗೆ ಕಳಿಸಿ ಎಂದು ಹೇಳಿದ್ದೆ. ನಾಲ್ಕು ದಿನ ಬಿಟ್ಟು ಒಬ್ಬಳು ಬಂದಳು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತಳು. ಕೂತ್ಕೋ ಎಂದರೂ ಕೂರಲಿಲ್ಲ. ಹೋಟೆಲಿನ ರಿಜಿಸ್ಟರಿನಲ್ಲಿ ಅವಳ ಹೆಸರಿರಲಿಲ್ಲ, ಯಾರೋ ಗುತ್ತಿಗೆಯವನು ಕಳಿಸಿದ್ದವಳು. ಆ ಹೆಂಗಸು ಬಿದ್ದ ಮಾರನೇ ಬೆಳಿಗ್ಗೆಯೇ ಮ್ಯಾನೇಜರ್ ಅವಳನ್ನು ಕೆಲಸದಿಂದ ಬಿಡಿಸಿದ್ದ.

ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಮಗುವೊಂದು ಬೇಸಿನ್ನಿನ ಹತ್ತಿರ ವಾಂತಿ ಮಾಡಿಕೊಂಡಿತ್ತು. ಜನ ತುಂಬಿದ್ದ ಹೊತ್ತಿನಲ್ಲೇ ಸೋಪಿನ ನೀರು ಹಾಕಿ ಒರೆಸು ಎಂದು ಮ್ಯಾನೇಜರ್ ಅವಸರ ಮಾಡಿದ. ‘ನೆಲ ಒದ್ದೆಯಿದೆ’ ಅನ್ನುವ ಹಳದಿ ಬೋರ್ಡು ಹುಡುಕಿದರೆ ಅದು ಬೀದಿಯಲ್ಲಿತ್ತು, ಮಾಲೀಕರ ಕಾರಿಗೆ ಜಾಗ ಹಿಡಿದುಕೊಂಡು ನಿಂತಿತ್ತು. ಸೋಪು ತೊಳೆಯಲು ಒಳ್ಳೆಯ ನೀರು ತರುವುದರೊಳಗೆ ಆಕೆ ಬಂದು ಜಾರಿದರು.

“ಮ್ಯಾನೇಜರ್ರು ಓಡ್ಬಂದು ನನ್ನ ಬಾಯಿಗ್ ಬಂದಂಗೆ ಬೈದ್ರು ಕಣಮ್ಮ. ಹೊಡೆಯೋಕೇ ಕೈ ಎತ್ತುದ್ರು. ಆವಮ್ಮ ನೆಲದ ಮೇಲೆ ಬಿದ್ದಿರೋರು, ನೋವಲ್ಲಿ ಮುಖವೆಲ್ಲ ಬೆವರು, ಅಂಥದ್ರಲ್ಲೂ ‘ಆ ಹೆಣ್ಮಗಳ್ನ ಬೈಬ್ಯಾಡಿ, ನಂದೇ ತಪ್ಪು, ನಾನೇ ನೋಡ್ಕೊಂಡ್ ನಡೀಬೇಕಿತ್ತು’ ಅಂದ್ರು. ನನ್ ಸ್ವಂತ ತಾಯೀನೂ ಅನ್ತಿರ್ಲಿಲ್ಲ ಅಂಗೆ.”

ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದಳು: “ಮಾಲೀಕ್ರಿಗೆ ಒಂದ್ಮಾತು ಹೇಳಿ, ಮತ್ತೆ ಕೆಲ್ಸಕ್ಕೆ ತಗೊಳ್ಳಾಕೆ.”

“ನೋಡೋಣ” ಎಂದೆ. ನೋಡಲಿಲ್ಲ. ಅವಳು ಮತ್ತೆ ಆ ಹೋಟೆಲಿನಲ್ಲಿ ಕಾಣಿಸಿಕೊಂಡರೆ ಎದುರು ಪಕ್ಷದವರು ಹುಡುಕಿ ಸಾಕ್ಷಿಗೆ ಕರೆಸಬಹುದು, ಎಲ್ಲೂ ಇಲ್ಲದವಳನ್ನು ಹೇಗೆ ಕರೆಸುತ್ತಾರೆ? ಮಾಲೀಕರಿಗೆ ನಾನು ಹೇಳಿದ ಒಂದೇ ಮಾತು, ಅವಳ ಸುದ್ದಿ ಎತ್ತಬೇಡಿ ಎಂದು. ಅದಕ್ಕೆ ಕಾನೂನಿನ ಸಲಹೆ ಎನ್ನುತ್ತಾರೆ.

ಸಾಕ್ಷಿ ಹೇಳುವ ದಿನ ಆಕೆ ವಾಕರ್ ಹಿಡಿದು ಬಂದರು. ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟಿದ್ದರು. ನಿಲ್ಲಲಾಗದೆ ಇರುವುದನ್ನು ಕಂಡು ನ್ಯಾಯಾಧೀಶರು ಕುರ್ಚಿ ಹಾಕಿಸಿದರು. ಕೂರುವ ಮೊದಲು ಎಲ್ಲರಿಗೂ ಕೈಮುಗಿದರು, ನನಗೂ.

ನೆಲ ಒದ್ದೆಯಿತ್ತು ಎಂದರು. ಕೈ ತೊಳೆಯುವ ಜಾಗದಲ್ಲಿ ನೀರಿರುವುದು ಸಹಜ ತಾನೇ ಎಂದೆ. ಹೌದು ಎಂದರು. ಅದು ಯಾವ ನೀರು ಎಂದು ನನಗೆ ಗೊತ್ತಿತ್ತು. ಆಮೇಲೆ ಮುಖ್ಯ ಪ್ರಶ್ನೆಗೆ ಬಂದೆ.

“ಬಿದ್ದ ತಕ್ಷಣ ನೀವು ‘ನಂದೇ ತಪ್ಪು, ನಾನೇ ನೋಡ್ಕೊಂಡು ನಡೀಬೇಕಿತ್ತು’ ಅಂದಿರಾ?”

“ಅಂದೆ.”

ಅನ್ನಲಿಲ್ಲ ಎಂದಿದ್ದರೆ ನನ್ನ ಕೈಯಲ್ಲಿ ಏನಿತ್ತು? ಹೋಟೆಲಿನ ಸಂಬಳ ತಿನ್ನುವ ಮ್ಯಾನೇಜರನೊಬ್ಬನ ಮಾತು. ಒಂದೇ ಒಂದು ‘ಇಲ್ಲ’ ಸಾಕಿತ್ತು ನನ್ನ ಬಾಯಿ ಮುಚ್ಚಿಸಲು. ಎಷ್ಟೋ ಜನ ಓದಿದವರು, ದೊಡ್ಡ ಮನೆಯವರು ಕಣ್ಣು ಮಿಟುಕಿಸದೆ ಆ ‘ಇಲ್ಲ’ ಹೇಳುವುದನ್ನು ನೋಡಿದ್ದೇನೆ. ಈಕೆಗೆ ಅದು ಹೊಳೆಯಲೇ ಇಲ್ಲ.

“ಯಾರಾದರೂ ಬಲವಂತದಿಂದ ಹೇಳಿಸಿದರಾ?”

“ಅಯ್ಯೋ ಇಲ್ಲ ಲಾಯರಮ್ಮ, ನಾನಾಗೇ ಅಂದಿದ್ದು. ಯಾಕಂದ್ರೆ ಆವಪ್ಪ ಆ ಹೆಣ್ಮಗಳನ್ನ…”

“ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ, ಅಮ್ಮ.”

ಅಮ್ಮ ಎಂದೇ ಹೇಳಿದೆ, ದನಿ ಎತ್ತದೆ. ಆಕೆ ತಕ್ಷಣ ಸುಮ್ಮನಾದರು. ಟೈಪಿಸ್ಟ್ ಹೊಡೆದ ಸಾಲು ಇನ್ನೂ ನೆನಪಿದೆ: ‘ತಪ್ಪು ನನ್ನದೇ ಎಂದು ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿದ್ದೆ ಎಂದರೆ ಸರಿ.’ ಅದನ್ನು ಓದಿ ಹೇಳಿದಾಗ ಆಕೆ ತಲೆಯಾಡಿಸಿ, ತೋರಿಸಿದಲ್ಲಿ ಸಹಿ ಹಾಕಿದರು.

ಮರುಪ್ರಶ್ನೆ ಉಂಟೇ ಎಂದು ನ್ಯಾಯಾಧೀಶರು ಆಕೆಯ ವಕೀಲನನ್ನು ಕೇಳಿದರು. ‘ಯಾಕೆ ಹಾಗೆ ಹೇಳಿದಿರಿ?’ ಎಂದು ಅವನು ಕೇಳಿದ್ದರೆ ಕೇಸು ಅಲ್ಲೇ ತಿರುಗುತ್ತಿತ್ತು. ಅವನು ಮುಂದಿನ ಕೇಸಿನ ಕಡತ ಬಿಚ್ಚುತ್ತಿದ್ದ. ತಲೆ ಎತ್ತದೆ ‘ಇಲ್ಲ ಸ್ವಾಮಿ’ ಎಂದ. ಅವನ ಸೋಮಾರಿತನಕ್ಕೆ ನಾನು ಆವತ್ತಿನಿಂದ ಇವತ್ತಿನವರೆಗೆ ಬೈದುಕೊಂಡಿದ್ದೇನೆ. ಅವನನ್ನು ಬೈಯುವಷ್ಟು ಹೊತ್ತು ನನ್ನನ್ನು ಬೈದುಕೊಳ್ಳುವುದು ತಪ್ಪುತ್ತದೆ. ಅವನಿಗೆ ಗೊತ್ತಿರಲಿಲ್ಲ. ನನಗೆ ಎಲ್ಲವೂ ಗೊತ್ತಿತ್ತು.

ಕೆಲವು ತಿಂಗಳ ಮೇಲೆ ತೀರ್ಪು ಬಂತು, ದಾವೆ ವಜಾ ಆಯಿತು. ಮಾಲೀಕರು ಸಂತೋಷದಿಂದ ಫೋನಿನಲ್ಲಿ ಕೂಗಾಡಿದರು. ಆಕೆ ಕಾರಿಡಾರಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ವಕೀಲ ವಿಷಯ ಹೇಳಿ ಹೋಗಿಯಾಗಿತ್ತು, ತಂಗಿ ಆಟೊ ಕರೆಯಲು ಇಳಿದಿದ್ದಳು. ನಾನು ತಲೆ ತಗ್ಗಿಸಿ ದಾಟಿಹೋಗಬೇಕೆಂದಿದ್ದೆ.

“ಲಾಯರಮ್ಮ, ಒಂದ್ನಿಮಿಷ ಬನ್ನಿ.”

ಶಾಪ ಹಾಕುತ್ತಾರೆ ಎಂದುಕೊಂಡೆ. ಹಾಕಲಿ ಎಂದೂ ಅನ್ನಿಸಿತು. ಎದುರಿಗೆ ಹೋಗಿ ನಿಂತೆ.

“ನೀವು ಆ ಹೋಟ್ಲೋರ ಕಡೆಯೋರಲ್ವಾ, ನಿಮಗೆ ಗೊತ್ತಿರ್ತದೆ. ಅವತ್ತು ನೆಲ ಒರೆಸ್ತಿದ್ಲಲ್ಲ, ಆ ಹೆಣ್ಮಗಳು ಕೆಲ್ಸದಲ್ಲವಳಾ?”

“ಇದ್ದಾಳೆ ಕಣಮ್ಮ” ಎಂದೆ.

ಆಕೆಯ ಮುಖ ಅರಳಿತು. ಆ ದಿನ ಸೋತು ಕೂತವರ ಮುಖ.

“ಸದ್ಯ! ಅದಕ್ಕೇ ಕಣವ್ವಾ ನಾನು ಅಂಗಂದಿದ್ದು. ಅವತ್ತು ಒಳಗೆ ಹೇಳೋಕೆ ಹೋದೆ, ನೀವು ಬ್ಯಾಡ ಅಂದ್ರಿ. ಹೋಗ್ಲಿ, ಆ ಹೆಣ್ಮಗಳ ಕೆಲ್ಸವಾದ್ರೂ ಉಳೀತಲ್ಲ ಬುಡಿ.” ವಾಕರಿನ ಮೇಲೆ ಎರಡೂ ಕೈ ಊರಿ ಮೂರನೇ ಸಲಕ್ಕೆ ಎದ್ದು ನಿಂತರು. “ಆ ಕಡೆ ಹೋದ್ರೆ ನಾನು ಕೇಳ್ದೆ ಅಂತ ಹೇಳಿ ಅವಳಿಗೆ.”

“ಹೇಳ್ತೀನಿ” ಎಂದೆ. ಅವಳು ಎಲ್ಲಿದ್ದಾಳೋ ನನಗೆ ಗೊತ್ತಿರಲಿಲ್ಲ. ನನ್ನ ಆಫೀಸಿಗೆ ಬಂದ ದಿನ ಅವಳ ಹೆಸರನ್ನು ಬೇಕೆಂದೇ ಬರೆದುಕೊಂಡಿರಲಿಲ್ಲ.