ರಾಗಿ ಗುಡಾಣದ ರೆಗ್ಗೇ ಮತ್ತು ನನ್ನ ಜಡೆ

ಈಗ ಯಾರಾದರೂ ನನ್ನ ಬೋಳುತಲೆ ನೋಡಿ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಂಬತ್ತರ ದಶಕದ ಶುರುವಿನಲ್ಲಿ ಇದೇ ತಲೆಯ ಮೇಲೆ ಹೆಗಲು ಮುಟ್ಟುವ ಜಡೆ ಇತ್ತು, ಆ ಜಡೆಗೆ ಜನ ಕೈ ಮುಗಿಯುತ್ತಿದ್ದರು ಅಂದರೆ ಹೆತ್ತ ಮಕ್ಕಳೇ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನ್ನ ಗಂಟೇನು ಹೋಯಿತು.

ನಾನಾಗ ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆಯೋ ನಾಮಕರಣವೋ ಎಲೆಕ್ಷನ್ನೋ, ಸೈಕಲ್ಲಿಗೆ ಮೈಕಿನ ಹಾರ್ನು ಕಟ್ಟಿಕೊಂಡು ಹೋಗಿ ಮರ ಹತ್ತಿ ಬಿಗಿಯುವುದು ನನ್ನ ಕಸುಬು. ಕೊರಟಗೆರೆಯಿಂದ ಪಾವಗಡದವರೆಗೆ ನಾನು ಹತ್ತದ ಹುಣಸೇಮರ ಇರಲಿಲ್ಲ. ಕುರಿ ಕಾಯುವವರ ಹಟ್ಟಿಯಲ್ಲಿ ಹುಟ್ಟಿದವನು ನಾನು, ಕುರಿ ಕಂಡರೆ ಆಗುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಇದ್ದ ನಾಲ್ಕಾರು ಕುರಿಗಳನ್ನು ಅವ್ವನೇ ಕಾಯುತ್ತಿದ್ದಳು, ಉಣ್ಣೆಯನ್ನೂ ಅವಳೇ ಕತ್ತರಿಸುತ್ತಿದ್ದಳು. 'ಕುರಿ ಬುಟ್ಟು ಕೋತಿ ಕೆಲ್ಸ ಹಿಡ್ದಲ್ಲೋ, ನಿನ್ನ ಮನೆ ಕಾಯ್ವಾಗ' ಎಂದು ಬೈಯುತ್ತಿದ್ದಳು. ಬೈದು ಮುಗಿಸಿ ಬಿಸಿ ಮುದ್ದೆ ಹಾಕುತ್ತಿದ್ದಳು.

ರೆಗ್ಗೇ ಅನ್ನುವ ಹಾಡು ನಮ್ಮ ಸೀಮೆಗೆ ಬಂದದ್ದು ಸಿರಾದ ಒಂದು ಲಾರಿ ಗ್ಯಾರೇಜಿನಿಂದ. ಅಲ್ಲಿ ಮೈತುಂಬ ಗ್ರೀಸು ಮೆತ್ತಿಕೊಂಡು ಲಾರಿಯ ಹೊಟ್ಟೆ ಕೆಳಗೆ ಮಲಗಿರುತ್ತಿದ್ದವನು ನನ್ನ ಗೆಳೆಯ. ಅವನ ಅಕ್ಕನ ಗಂಡ ಕೊಲ್ಲಿ ದೇಶದ ಹಡಗುಕಟ್ಟೆಯಲ್ಲಿ ಮೂಟೆ ಇಳಿಸುವ ಕೆಲಸಕ್ಕಿದ್ದ. ರಜಕ್ಕೆ ಬಂದವನು ಒಂದು ಟೇಪ್‌ರೆಕಾರ್ಡರು, ಒಂದು ಕ್ಯಾಸೆಟ್ಟು ಬಿಟ್ಟುಹೋದ. ಕ್ಯಾಸೆಟ್ಟಿನ ಮೇಲೆ ಜಡೆ ಹರಡಿಕೊಂಡ ಒಬ್ಬ ಆಸಾಮಿ ನಗುತ್ತಿದ್ದ, ಥೇಟ್ ನಮ್ಮ ಹಟ್ಟಿಯವರದೇ ಬಣ್ಣ.

'ಇದು ಜಮೈಕಾ ಅಂತ ಒಂದ್ ದ್ವೀಪದ್ದು ಯಾರ್' ಎಂದ ಗೆಳೆಯ, ತಾನೇ ಹೋಗಿ ಬಂದವನ ಹಾಗೆ. 'ಕಬ್ಬು ಕಡಿಯೋಕೆ ಹಡಗಲ್ಲಿ ತುಂಬ್ಕೊಂಡ್ ಬಂದಿದ್ರಂತೆ ಇವ್ರ ಹಿರೀಕರನ್ನ. ಆಮೇಲೆ ಪ್ಯಾಟೆ ಸೇರಿ ತಗಡಿನ ಗುಡಿಸ್ಲಲ್ಲಿ ಇದ್ರು. ರೇಡಿಯೋದೋರು ಇವ್ರ ಹಾಡು ಹಾಕ್ತಿರ್ಲಿಲ್ಲ. ಅದ್ಕೆ ಇವ್ರೇ ಮನೆ ಎತ್ತರದ ಸ್ಪೀಕರ್ ಪೆಟ್ಗೆ ಮಾಡಿ, ಗಾಡಿ ಮ್ಯಾಲೆ ಹೇರ್ಕೊಂಡು ಬೀದೀಲಿ ಹಾಕೋರು. ಎರಡು ಸೆಟ್‌ನೋರು ಎದುರುಬದ್ರು ನಿಂತು ಜಿದ್ದಿಗೆ ಬೀಳೋರು.'

ನಾನು ಎದ್ದು ಕೂತೆ. 'ಅಂಗಾರೆ ಅವ್ರೂ ಮೈಕ್‌ಸೆಟ್‌ನೋರೇನ್ಲಾ?'

'ಮತ್ತೆ? ಮೈಕ್‌ಸೆಟ್‌ನೋರೇ ಹುಟ್ಟಿಸಿದ ಹಾಡು ಭಾಯ್ ಇದು. ಇಂಗ್ಲೆಂಡಿಗೆ ಕೂಲಿಗೆ ಹೋದೋರು ಅಲ್ಲೀಗೂ ತಗಂಡೋದ್ರು. ಅಲ್ಲಿ ಫ್ಯಾಕ್ಟ್ರಿ ಕೆಲ್ಸದ ಬಿಳಿ ಹುಡುಗ್ರು ತಲೆ ನುಣ್ಣಗೆ ಬೋಳಿಸ್ಕೊಂಡು, ದಪ್ಪ ಬೂಟು ಹಾಕ್ಕೊಂಡು ಇದ್ಕೇ ಕುಣಿತಿದ್ರಂತೆ.'

ಜಡೆ ಬಿಟ್ಟವನು ಹಾಡುವುದು, ಬೋಳು ಹೊಡೆಸಿದವನು ಕುಣಿಯುವುದು, ಇದೆಂಥ ಚೆಂದದ ಹುಚ್ಚು! ಆವತ್ತಿನವರೆಗೆ ನಾನು ಮೈಕಿನವನು, ಊಟಕ್ಕೆ ಕೊನೇ ಪಂಕ್ತಿಯವನು. ಆವತ್ತಿನಿಂದ ಕಬ್ಬಿನ ದ್ವೀಪದವರ ದಾಯಾದಿಯಾದೆ.

ಆದರೆ ಮೊದಮೊದಲು ನಾವು ಕೇಳಿದ್ದು ಅರ್ಧ ರೆಗ್ಗೇ. ನಮ್ಮ ತಗಡಿನ ಹಾರ್ನಿನಲ್ಲಿ ಮೇಲಿನ ಸ್ವರ ಮಾತ್ರ ಬರುತ್ತದೆ, ಕೆಳಗಿನದೆಲ್ಲ ಗಾಳಿಗೆ. ಗಿಟಾರಿನ ಚಕ್ ಚಕ್ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. 'ಇದೇನ್ಲಾ ಕೋಳಿ ಕಾಳು ಕುಕ್ಕಿದಂಗೆ' ಎಂದು ಅಂಗಡಿಯ ಯಜಮಾನ ನಕ್ಕ. ಕೊರಟಗೆರೆಯ ಮದುವೆಯೊಂದರಲ್ಲಿ ದೇವರ ಹಾಡು ಮುಗಿದ ಮೇಲೆ ನಾನು ಇದನ್ನು ಹಾಕಿದಾಗ, ಗಂಡಿನ ಸೋದರಮಾವ ಕ್ಯಾಸೆಟ್ಟು ಸಿಕ್ಕಿಕೊಂಡಿದೆ ಎಂದು ಓಡಿ ಬಂದ.

ಆಮೇಲೆ ಗೆಳೆಯನೇ ಉಪಾಯ ಹೇಳಿದ. ಸ್ಪೀಕರನ್ನು ಮಡಕೆಯ ಬಾಯಿಗೆ ಕವುಚಿ ಹಾಕಿದರೆ ದನಿ ದಪ್ಪವಾಗುತ್ತದೆ ಎಂದು ನಮ್ಮ ಕಡೆಯ ಹೋಟೆಲಿನವರಿಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಅವ್ವ ರಾಗಿ ತುಂಬುವ ಗುಡಾಣ ಇತ್ತು, ಒಳಗೆ ಮನುಷ್ಯ ಕುಕ್ಕರಗಾಲಲ್ಲಿ ಕೂರಬಹುದಾದಷ್ಟು ದೊಡ್ಡದು. ಅವಳು ಕುರಿ ಹೊಡೆದುಕೊಂಡು ಹೋದದ್ದೇ ತಡ, ರಾಗಿ ಸುರಿದು, ಬಾಯಿಗೆ ಸ್ಪೀಕರು ಕವುಚಿ, ಬ್ಯಾಟರಿಗೆ ಆಂಪ್ಲಿಫೈಯರು ಸಿಕ್ಕಿಸಿದೆವು. ಧುಂ ಎಂದಿತು ನೋಡಿ! ಗೋಡೆಯ ಹಲ್ಲಿ ಕೆಳಕ್ಕೆ ಬಿತ್ತು. ನೆಲುವಿನ ಮಡಕೆಗಳು ಒಂದಕ್ಕೊಂದು ತಾಗಿದವು. ನಮ್ಮ ತಮಟೆಯವರು ಎಲ್ಲಿ ಬಾರಿಸುತ್ತಾರೋ ಅಲ್ಲಿ ಈ ಹಾಡಿನವರು ಸುಮ್ಮನಿರುತ್ತಾರೆ, ನಾವು ಉಸಿರು ಎಳೆದುಕೊಳ್ಳುವ ಕಡೆ ಗುದ್ದುತ್ತಾರೆ. ಅವತ್ತು ನಾನು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ನಮ್ಮದೊಂದು ಪಡೆಯೇ ಆಯಿತು. ಬಸ್ ಕ್ಲೀನರುಗಳು, ಗ್ಯಾರೇಜಿನವರು, ಟೆಂಟ್ ಸಿನಿಮಾದ ಗೇಟ್‌ಕೀಪರು, ಹಮಾಲರು. ಭಾನುವಾರ ಮಧುಗಿರಿಯ ಬೆಟ್ಟದ ಬುಡದಲ್ಲಿ ಸೇರುತ್ತಿದ್ದೆವು, ರಸ್ತೆ ಗುಡಿಸುವಂಥ ಬೆಲ್‌ಬಾಟಮ್ಮು, ಆನೆಕಿವಿಯಂಥ ಕಾಲರು. ಕೋರ್ಟಿನ ಗುಮಾಸ್ತರ ಮಕ್ಕಳು ಟೆನಿಕಾಯ್ಟ್ ಆಡಿಕೊಂಡು ನಮ್ಮನ್ನು ನೋಡಿ ಮೂಗು ಮುರಿಯುತ್ತಿದ್ದರು. ಮುರಿಯಲಿ, ಅವರ ಮೂಗು ಅವರದು. ನಾನೊಂದು ಹೆಜ್ಜೆ ಮುಂದೆ ಹೋಗಿ ಬಾಚಣಿಗೆ ಬಿಸಾಕಿದೆ. ಆಲದ ಹಾಲು ಹಚ್ಚಿ, ಕೂದಲು ಹೊಸೆದು, ವರ್ಷ ತುಂಬುವುದರೊಳಗೆ ಕ್ಯಾಸೆಟ್ಟಿನ ಆಸಾಮಿಗೆ ತಮ್ಮನಂತೆ ಕಾಣತೊಡಗಿದೆ.

ಯಡವಟ್ಟಾದದ್ದು ಇಲ್ಲಿಯೇ. ನಮ್ಮ ಹಟ್ಟಿಯಲ್ಲಿ ಜಡೆ ಅಂದರೆ ಫ್ಯಾಷನ್ನಲ್ಲ. ಕೂದಲು ತಾನಾಗಿ ಜಡೆಗಟ್ಟಿದರೆ ಹಟ್ಟಿಯ ದೇವತೆ ಅಮ್ಮ ಆ ತಲೆಯನ್ನು ತನ್ನದೆಂದು ಹಿಡಿದಳು ಅಂತ ಅರ್ಥ. ಅದಕ್ಕೆ ಕತ್ತರಿ ತಾಗಿಸುವಂತಿಲ್ಲ. ಅಂಥವನು ಮದುವೆಯಾಗುವಂತಿಲ್ಲ, ಅಮ್ಮನ ಗುಡಿ ಕಾದುಕೊಂಡಿರಬೇಕು. ನಾನು ಆಲದ ಹಾಲು ಹಚ್ಚಿದ್ದು ಹಟ್ಟಿಯವರಿಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಅವ್ವ ನನ್ನ ತಲೆ ನೋಡಿದವಳು ಬೈಯಲಿಲ್ಲ. ಕಾಲಿಗೆ ನೀರು ಹಾಕಿ, ಅರಿಸಿನ ಹಚ್ಚಿ, ಕೈ ಮುಗಿದಳು.

'ಇದು ಆಲದ ಹಾಲು ಕಣವ್ವಾ' ಎಂದೆ.

'ಆಲದ ಮರ ಯಾರದ್ದು?' ಎಂದಳು.

ಮೊದಲು ನನಗೆ ಮಜವಾಗಿತ್ತು. ಪ್ರೈವೇಟ್ ಬಸ್ಸಿನ ಕಂಡಕ್ಟರು ಟಿಕೆಟ್ ಕೇಳುತ್ತಿರಲಿಲ್ಲ. ಹೆಂಗಸರು ತೆಂಗಿನಕಾಯಿ ತಂದು ಕೊಡುತ್ತಿದ್ದರು. ಮರ ಹತ್ತಿ ಹಾರ್ನು ಕಟ್ಟುವಾಗ ಕೆಳಗೆ ನಿಂತು ಯಾರೋ ಊದುಬತ್ತಿ ಬೆಳಗುತ್ತಿದ್ದರು. ಮದುವೆ ಮನೆಯಲ್ಲೂ ಮೊದಲ ಪಂಕ್ತಿ!

ಮಜ ಇಳಿದದ್ದು ಅಂಗಡಿಯ ಎದುರಿನ ಟೈಲರಿಂಗ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದ ಹುಡುಗಿಯಿಂದ. ನಮ್ಮವರೇ, ಪಾವಗಡದ ಕಡೆಯವರು. ನನ್ನ ಬೆಲ್‌ಬಾಟಮ್ ಅಗಲ ಮಾಡಿಕೊಟ್ಟವಳೂ ಅವಳೇ. ಅವಳಿಲ್ಲದೆ ನನಗೆ ಬದುಕಿಲ್ಲ ಅನ್ನಿಸಿಬಿಟ್ಟಿತ್ತು. ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಲೇ, 'ನನ್ಗೂ ಒಪ್ಗೆ ಕಣ್ರೀ. ಆದ್ರೆ ಆ ಹುಲ್ಲುಬಣವೆ ಇಳ್ಸಿ ಬನ್ನಿ' ಎಂದಳು. ಅವಳಪ್ಪನನ್ನು ನೋಡಲು ಹೋದೆ. ಆತ ನನ್ನ ತಲೆಯನ್ನು ಸುತ್ತು ಬಂದು ನೋಡಿ, 'ಏಮಪ್ಪಾ, ಅಮ್ಮನಿಗೆ ಬಿಟ್ಟ ತಲೆಗೆ ನನ್ ಮಗಳ್ನ ಕಟ್ಟಾಕಾಯ್ತದಾ? ಅಮ್ಮನ್ನೇ ಕೇಳಿ ತೆಗ್ಸು, ಆಮೇಲೆ ಮಾತಾಡ್ದಾಂ' ಎಂದ.

ಮಧುಗಿರಿಯ ಕ್ಷೌರದಂಗಡಿಗೆ ಹೋದೆ. 'ಅಮ್ಮನ ಜಡೆಗೆ ಕತ್ರಿ ಹಾಕಿ ನಾನ್ ಕೆಟ್ಟೋಗ್ಲಾ? ನಡೀ ನಡೀ' ಎಂದು ಕುರ್ಚಿಯಿಂದ ಎಬ್ಬಿಸಿದ. ನಾನೇ ಕತ್ತರಿಸಿಕೊಳ್ಳುತ್ತೇನೆ ಅಂದದ್ದಕ್ಕೆ ಅವ್ವ, 'ನಿನ್ಗೆ ಏನಾರಾ ಆದ್ರೆ ನಾನ್ ಯಾರ್ ಮಕ ನೋಡ್ಕಂಡ್ ಬದುಕ್ಲಿ' ಎಂದು ಊಟ ಬಿಟ್ಟು ಕೂತಳು. ಉಳಿದದ್ದು ಒಂದೇ ದಾರಿ, ಹೂ ಕೇಳಿಸುವುದು.

ಅಮ್ಮನ ಕಲ್ಲಿನ ಮೂರ್ತಿಯ ಎರಡು ಹೆಗಲಿಗೂ ಒದ್ದೆ ಕಣಗಿಲೆ ಹೂ ಅಂಟಿಸಿ ಪೂಜಾರಿ ಬೇಡಿಕೊಳ್ಳುತ್ತಾನೆ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಇಷ್ಟು ದೊಡ್ಡ ವಿಚಾರವನ್ನು ಒಂದು ಹೂವಿನ ಕೈಗೆ ಬಿಡುವಷ್ಟು ದಡ್ಡ ನಾನಲ್ಲ ಅಂದುಕೊಂಡೆ. ಗುಡಿ ಅಂದರೆ ಕಲ್ಲು ಚಪ್ಪಡಿ ನಿಲ್ಲಿಸಿದ ಗೂಡು, ಅಮ್ಮನ ಎರಡು ಹೆಗಲೂ ಪಕ್ಕದ ಚಪ್ಪಡಿಗಳಿಗೆ ತಾಗಿಕೊಂಡೇ ಇದ್ದವು. ಹಲ್ಲಿ ಬೀಳಿಸಿದ ಗುಡಾಣಕ್ಕೆ ಹೂ ಬೀಳಿಸುವುದೇನು ಕಷ್ಟ? ಹಿಂದಿನ ದಿನ ಗೆಳೆಯನನ್ನು ಕರೆದುಕೊಂಡು ಹೋಗಿ, ಅಮ್ಮನ ಎದುರು ನಿಂತು, ಬಲಗೈ ಚಾಚಿ ತೋರಿಸಿದೆ. 'ನೋಡ್ಲಾ, ಈ ಕಡೆ ಚಪ್ಪಡಿಗೆ ಹೊರಗಡೆಯಿಂದ ಗುಡಾಣ ಆನಿಸ್ಬುಡು. ಪೂಜಾರಿ ಗಂಟೆ ಹೊಡೆದ ತಕ್ಷಣ ಹಾಕು.'

ಮಂಗಳವಾರ ಬೆಳಿಗ್ಗೆ ಹಟ್ಟಿಯೆಲ್ಲ ಸೇರಿತು. ಹುಡುಗಿಯ ಅಪ್ಪನೂ ಬಂದಿದ್ದ, ಅವಳೂ ಬಂದಿದ್ದಳು. ಬೇವಿನ ಮರದ ಮೇಲೆ ನನ್ನದೇ ಹಾರ್ನು ದೇವರ ಹಾಡು ಹಾಡುತ್ತಿತ್ತು. ಇನ್ನೊಂದು ವೈರು ಗುಡಿಯ ಹಿಂದಕ್ಕೆ ಹೋದದ್ದನ್ನು ಯಾರೂ ಕೇಳಲಿಲ್ಲ, ಮೈಕಿನವನ ವೈರನ್ನು ಯಾರು ಕೇಳುತ್ತಾರೆ. ಪೂಜಾರಿ ಗಂಟೆ ಹೊಡೆದ. ಹಾರ್ನು ನಿಂತಿತು. ನೆಲದೊಳಗಿಂದ ಬಂದ ಹಾಗೆ ಧುಂ ಎಂದಿತು.

'ಅಮ್ಮ ಬಂದ್ಲು ಕಣ್ರಪ್ಪೋ!' ಎಂದು ಯಾರೋ ಕೂಗಿದರು. ಹೆಂಗಸರು ಉಧೋ ಎಂದರು. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು ಮೈಮೇಲೆ ದೇವರು ಬಂದು ಕುಣಿಯತೊಡಗಿದಳು, ಅದೂ ತಾಳ ತಪ್ಪದೆ! ರೆಗ್ಗೇಗೆ ಮೈದುಂಬಿದ ಮೊದಲ ಅಜ್ಜಿ ಭೂಮಂಡಲದಲ್ಲಿ ಅವಳೇ ಇರಬೇಕು. ಚಪ್ಪಡಿ ನಡುಗಿತು, ಹೂ ಜಾರಿತು, ಬಿತ್ತು. ನಾನು ಕುಣಿದೇಬಿಟ್ಟೆ. 'ಬಲಗಡೆ! ಬಲಗಡೆ ಕೊಟ್ಲು!'

ನನ್ನ ಜೊತೆ ಯಾರೂ ಕುಣಿಯಲಿಲ್ಲ.

'ನಿನ್ ಬಲ ಯಾವಂಗ್ ಬೇಕ್ಲಾ' ಎಂದ ಪೂಜಾರಿ. 'ಅಮ್ಮನ ಬಲ ಆ ಕಡೆ. ಬಿದ್ದಿರೋದು ಎಡಗಡೆ.'

ಎದುರುಬದುರು ನಿಂತವರ ಎಡಬಲ ಅದಲುಬದಲು ಎಂಬುದು ಕೂಸಿಗೂ ಗೊತ್ತು. ಹೂ ಕೇಳಿಸುವಾಗೆಲ್ಲ ನಾನು ಮರದ ಮೇಲೆ ಹಾರ್ನಿನ ಜೊತೆ ಇರುತ್ತಿದ್ದವನು, ಒಮ್ಮೆಯಾದರೂ ಇಳಿದು ನೋಡಿದ್ದರೆ ತಾನೇ. ಹುಡುಗಿಯ ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಮಗಳ ರಟ್ಟೆ ಹಿಡಿದು ಹೊರಟ. ಅವಳು ತಿರುಗಿ ತಿರುಗಿ ನೋಡುತ್ತಿದ್ದಳು. ಗುಡಾಣ ಇನ್ನೂ ಧುಂ ಧುಂ ಅನ್ನುತ್ತಲೇ ಇತ್ತು, ಗೆಳೆಯನಿಗೆ ಆಚೆಯಿಂದ ಏನೂ ಕಾಣುತ್ತಿರಲಿಲ್ಲ.

ಆಗ ಅವ್ವ ಎದ್ದಳು. ನೆಟ್ಟಗೆ ಕುರಿರೊಪ್ಪಕ್ಕೆ ಹೋಗಿ ಉಣ್ಣೆ ಕತ್ತರಿಸುವ ಕತ್ತರಿ ತಂದಳು. ಅಮ್ಮನ ಹೆಸರು ಹೇಳದೆ ನೀರು ಕುಡಿಯದ ನನ್ನವ್ವ, ಗುಡಿಯ ಬಾಗಿಲಲ್ಲಿ ನಿಂತು ಕಲ್ಲಿನ ಮುಖಕ್ಕೆ ಮುಖ ಕೊಟ್ಟು ಮಾತಾಡಿದಳು.

'ತಾಯೀ, ನನ್ ಗಂಡನ್ನ ನೀನ್ ಕರ್ಕಂಡೆ, ನಾನ್ ಸುಮ್ಕಿದ್ದೆ. ಇವನ್ನ ಕೊಡಾಕಿಲ್ಲ. ಇವ್ನಿಗೇನೂ ತಿಳೀದು, ಮುಟ್ಟಾಳ. ಕತ್ರಿ ಹಿಡ್ದಿರೋದು ನನ್ ಕೈ, ಚೆನ್ನಾಗ್ ನೋಡ್ಕೋ. ಏನ್ ಮಾಡಂಗಿದ್ರೂ ನನ್ಗೇ ಮಾಡು.'

ಪೂಜಾರಿ ಅಡ್ಡ ಬಂದ. ಅವನನ್ನು ತಳ್ಳಿ, ಕುರಿ ಕೆಡವಿದ ಹಾಗೆ ನನ್ನನ್ನು ಕೆಡವಿ, ಮಂಡಿಯ ಸಂದಿಯಲ್ಲಿ ಕತ್ತು ಸಿಕ್ಕಿಸಿಕೊಂಡು ಕರಕರ ಕತ್ತರಿಸಿದಳು. ಅವಳ ಮೈಯೆಲ್ಲ ಗಡಗಡ ನಡುಗುತ್ತಿತ್ತು. ಕತ್ತರಿ ಮಾತ್ರ ಒಂದು ಕಡೆಯೂ ಚರ್ಮಕ್ಕೆ ತಾಗಲಿಲ್ಲ.

ಹುಡುಗಿಯ ಅಪ್ಪ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದ. ವಾಪಸ್ ಬಂದು, 'ಹೆತ್ತೋಳೇ ಪಾಪ ಹೊತ್ಕಂಡ್ಮ್ಯಾಕೆ ಇನ್ನೇಮಿ, ಹುಡುಗನ ಮ್ಯಾಗೆ ಏನೂ ಇಲ್ಲ' ಎಂದ. ಗುಡಿಯ ಹಿಂದಿನಿಂದ ಬಂದ ಗೆಳೆಯ ನನ್ನ ತಲೆ ಸವರಿ, 'ಪರ್ವಾಗಿಲ್ಲ ಯಾರ್, ಬೋಳುತಲೆಯೋರೂ ರೆಗ್ಗೇ ಕೇಳ್ತಿದ್ರು' ಎಂದು ಸಮಾಧಾನ ಹೇಳಿದ.

ಮದುವೆಯಾದ ಮೇಲೆ ನನಗೆ ಮನಸ್ಸು ತಡೆಯದೆ ಅವ್ವನಿಗೆ ಗುಡಾಣದ ಕತೆ ಹೇಳಿದೆ. ಹೂ ಬೀಳಿಸಿದ್ದು ಅಮ್ಮ ಅಲ್ಲ, ನಾನು, ನೀನು ಹೆದರಬೇಡ ಎಂದೆ. ಅವಳು ರಾಗಿ ಕೇರುತ್ತಿದ್ದ ಮೊರ ನಿಲ್ಲಿಸಲಿಲ್ಲ. 'ಗುಡಾಣ ಬಲಗಡೆ ಇಡಾಕೋದೋನ ಕೈಲಿ ಎಡಗಡೆ ಇಡ್ಸಿದ್ ಯಾರ್ಲಾ?' ಎಂದಳು. ನನ್ನ ಪಾಲಿಗೆ ಅದು ಕೂದಲು, ಹೋಯಿತು. ಅವಳ ಪಾಲಿಗೆ ಅದು ಅಮ್ಮನಿಂದ ಎಂದೋ ಬರಲಿರುವ ಏಟು. ಅದಕ್ಕಾಗಿ ಅವಳು ಕಾಯುತ್ತಿದ್ದಳು, ನನ್ನ ಹೆಂಡತಿ ಬಸುರಿಯಾದಾಗ ಒಂಬತ್ತು ತಿಂಗಳೂ ನಿದ್ದೆ ಮಾಡಲಿಲ್ಲ.

ಮಗಳು ಗಟ್ಟಿಮುಟ್ಟಾಗಿ ಹುಟ್ಟಿದಳು. ಕೆಲವು ವರ್ಷಗಳ ಮೇಲೆ ಅವ್ವನ ಕಣ್ಣು ಮಂಜಾಯಿತು. ಮಧುಗಿರಿಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಪೊರೆ ಬಂದಿದೆ, ವಯಸ್ಸಾದವರಿಗೆ ಬರುವುದೇ, ಸಣ್ಣ ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು. ಅವ್ವನ ಮುಖ ಅಷ್ಟು ಹಗುರಾದದ್ದನ್ನು ನಾನು ಅಪ್ಪ ಸತ್ತ ಮೇಲೆ ನೋಡಿರಲಿಲ್ಲ. ತಡಕಾಡಿ ನನ್ನ ಕೈ ಹಿಡಿದುಕೊಂಡಳು.

'ಸದ್ಯ ಬುಡ್ಲಾ, ನನ್ಗೇ ಬಂತು' ಎಂದಳು.

ಆಪರೇಷನ್ ಮಾಡಿಸೋಣ ಎಂದು ನಾನು ಎಷ್ಟು ಗೋಗರೆದರೂ ಒಪ್ಪಲಿಲ್ಲ. 'ಅಮ್ಮಂಗೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನ್ಲಾ, ಆಮ್ಯಾಕೆ ಕೂಸಿನ ತಾವ ಹೋದಾಳು' ಎಂದವಳೇ, ಗೋಡೆ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲು ಇಳಿದಳು.