ಬಾಡಿನ ದಿನದ ಮಾತ್ರೆ

ಮದ್ದೂರಿನ ಪೇಟೆ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ನಾನು ಸಂಬಳದ ಫಾರ್ಮಸಿಸ್ಟ್. ನನ್ನ ಡಿಪ್ಲೊಮಾಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಅದನ್ನು ಓದಿದವನು ಗಾಜು ಒರೆಸುವ ನಾನೊಬ್ಬನೇ. ಜನ ನನ್ನನ್ನು ಕರೆಯುವುದು ‘ಅಂಗ್ಡಿಯೋನು’ ಎಂದು. ಚಿಕ್ಕಬೋರಮ್ಮ ಮಾತ್ರ ‘ಡಾಕ್ಟ್ರಪ್ಪ’ ಎನ್ನುತ್ತಾರೆ. ನಾನೂ ತಿದ್ದುವುದಿಲ್ಲ.

ಚಿಕ್ಕಬೋರಮ್ಮನಿಗೆ ಅರವತ್ತು ದಾಟಿದೆ. ಎರಡು ಹಸು ಸಾಕಿಕೊಂಡು, ಡೇರಿಗೆ ಹಾಲು ಹಾಕುತ್ತಾರೆ. ಮೊದಲೆಲ್ಲ ಗಂಡ ಮರಿಸಿದ್ದಯ್ಯನ ಜೊತೆ ಬರುತ್ತಿದ್ದರು. ಡಾಕ್ಟರು ಇಬ್ಬರಿಗೂ ಕೊಲೆಸ್ಟ್ರಾಲ್ ಮಾತ್ರೆ ಬರೆದಿದ್ದರು.

“ಇವ್ಳ ಕೊಬ್ಬೆಲ್ಲ ಬಾಯಲ್ಲೇ ಅದೆ, ರಕ್ತದಲ್ಲಿ ಉಡುಕ್ತಾವ್ರೆ ನೋಡಪ್ಪ,” ಎನ್ನುವರು ಅವರು.

“ನಿಮ್ಗೆ ಮೂಳೇಲೂ ಅದೆ, ಸುಮ್ಕಿರಿ,” ಎನ್ನುವರು ಇವರು.

ಕಳೆದ ಕಾರ್ತಿಕದಲ್ಲಿ ಮರಿಸಿದ್ದಯ್ಯ ಎದೆನೋವಿನಿಂದ ತೀರಿಹೋದರು.

ಗೌರಿ ಹಬ್ಬದ ಹಿಂದಿನ ವಾರ ಚಿಕ್ಕಬೋರಮ್ಮ ರಕ್ತಪರೀಕ್ಷೆಯ ಚೀಟಿ ತಂದರು. ಅಂಕಿ ಏರಿತ್ತು.

“ಮಾತ್ರೆ ಮುಗಿದ್ವಾ?”

“ಸಿವರಾತ್ರೀಲಿ ಡಾಕ್ಟ್ರು ಬರ್ದ್ರು ಅಂತ ಒಯ್ದಿದ್ದು ಅಂಗೇ ಅವೆ. ಬಾಡೇ ತಿಂದಿಲ್ವಲ್ಲ.”

‘ಈ ಮಾತ್ರೆ ಬಾಡಿನ ಕೊಬ್ಬು ರಕ್ತದಲ್ಲಿ ನಿಲ್ಲದಂತೆ ನೋಡಿಕೊಳ್ಳುತ್ತೆ’ ಎಂದು ಅವರಿಗೆ ವಿವರಿಸಿದ್ದವನು ನಾನೇ. ಎಷ್ಟು ಸರಳವಾಗಿ ಹೇಳಿದೆ ಎಂದು ಬೀಗಿದ್ದೆ ಕೂಡ. ‘ದಿನಾ ರಾತ್ರಿ’ ಎಂಬುದನ್ನು ಕವರಿನ ಮೇಲೆ ಬರೆದು ಕೊಟ್ಟಿದ್ದೆ, ಓದು ಬಾರದವರಿಗೆ.

“ಅವ್ರು ತೀರೋದ್ಮೇಲೆ ಬಾಡು ಬಾಯಿಗೆ ಸೇರಾಕಿಲ್ಲ,” ಎಂದರು. “ಉಗಾದಿ ಮಾರ್ನೇ ದಿನ ಒಸ್ತೊಡಕಿಗೆ ಖಾರ ಅರೆಯೋರೂ ಅವ್ರೇ. ಮೆತ್ತನೆ ತುಂಡು ಉಡ್ಕಿ ನನ್ ತಟ್ಟೆಗಾಕೋರು. ಈ ಸಲ ಒಲೇನೇ ಅಚ್ಚಲಿಲ್ಲ.”

“ಬಾಡು ತಿನ್ನದಿದ್ರೂ ನಮ್ಮ ಈಲಿನೇ, ಲಿವರ್ ಅಂತಾರಲ್ಲ ಅದೇ, ದಿನಾ ಕೊಬ್ಬು ಮಾಡುತ್ತಮ್ಮ. ಮಾತ್ರೇನೂ ದಿನಾ ನುಂಗ್ಬೇಕು. ತಪ್ಪು ನಂದು, ಸರಿಯಾಗಿ ಹೇಳ್ಲಿಲ್ಲ.”

ಅವರು ಕೌಂಟರಿನ ಗಾಜು ಹಿಡಿದು ನಿಂತರು. “ಅವ್ರೂ ಬಾಡಿನ ದಿನವೇ ನುಂಗ್ತಿದ್ರು. ದಿನಾ ನುಂಗಿದ್ರೆ ಇರ್ತಿದ್ರಾ, ಡಾಕ್ಟ್ರಪ್ಪ?”

“ಗೊತ್ತಿಲ್ಲಮ್ಮ,” ಎಂದೆ. ಮೂವತ್ತು ಮಾತ್ರೆ ಮರಿಸಿದ್ದಯ್ಯನಿಗೆ ಅರ್ಧ ವರ್ಷ ಬರುತ್ತಿದ್ದುದು ನನಗೆ ಗೊತ್ತಿತ್ತು. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

ಚಿಕ್ಕಬೋರಮ್ಮ ಚೀಟಿ ಮಡಚಿಕೊಂಡು ಹೊರಟುಹೋದರು. ಇನ್ನು ಬರಲಾರರು ಎಂದುಕೊಂಡೆ. ತಿಂಗಳು ತುಂಬುವ ಹೊತ್ತಿಗೆ, ಅವರೂರಿನಿಂದ ಬಂದು ಕೊಳ್ಳೇಗಾಲದ ಕಡೆ ಹೋಗುವ ಬಸ್ಸು ನಿಂತಾಗಲೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದೆ. ಮೂವತ್ತೊಂದನೆಯ ದಿನ ಬಂದರು. ಮಾತ್ರೆಯ ಖಾಲಿ ಹಾಳೆಗಳನ್ನು ಗಾಜಿನ ಮೇಲಿಟ್ಟರು.

“ಒಂದಿನಾನೂ ತೆಪ್ಪಿಸಿಲ್ಲ, ಎಣಿಸ್ಕೊ.”

“ತೊಂದ್ರೆ ಏನಾದ್ರೂ ಆಯ್ತಾ? ಮೈಕೈ ನೋವು?”

“ಅದೇನೂ ಇಲ್ಲ. ನೀರು ತುಂಬ್ಕೊಂಡ್ ಕುಂತಾಗ, ಕೈ ಎಲ್ಡು ಮಾತ್ರೆ ತಗೀತದೆ ಕಣಪ್ಪ. ಅವ್ರದ್ನ ತಿರ್ಗಾ ಡಬ್ಬಕ್ಕಾಕ್ತೀನಿ.”