ರೊಟ್ಟಿ ಡಬ್ಬಿಯ ಅರ್ಥಿಂಗ್

ಆ ಭಾನುವಾರ ನಮ್ಮ ಮನೆಯವರು ಕಡಕ್ ರೊಟ್ಟಿ ಇಡುವ ನನ್ನ ತಗಡಿನ ಡಬ್ಬಿಗೆ ತೂತು ಕೊರೆದರು. ಕೇಳಿ ಕೊರೆಯಲಿಲ್ಲ, ಕೊರೆದ ಮೇಲೆ ಕೇಳಿದರು.

ಅವರು ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೋಟಾರು ವೈಂಡಿಂಗ್ ಮಾಡುತ್ತಿದ್ದರು. ಅಲ್ಲಿ ಎಲ್‌ಇಡಿ ಬಂದ ಮೇಲೆ ಕಿತ್ತುಹಾಕಿದ ಮರ್ಕ್ಯುರಿ ದೀಪವೊಂದನ್ನು ಕೇಳಿ ತಂದಿದ್ದರು. ಓಣಿಯ ಕತ್ತಲ ಮೂಲೆಗೆ ಅದರ ಬೆಳಕು ಬೀಳಬೇಕೆಂಬುದು ಅವರ ಆಸೆ. ಅಂಥ ದೀಪವನ್ನು ನೇರ ಕರೆಂಟಿಗೆ ಹಚ್ಚಿದರೆ ಕೆಟ್ಟೇಹೋಗುತ್ತದಂತೆ. ನಡುವೆ ಇಟ್ಟಿಗೆಯಷ್ಟು ಭಾರದ ಚೋಕ್ ಬೇಕು, ಚೋಕಿಗೆ ಪೆಟ್ಟಿಗೆ ಬೇಕು.

"ಕಟಗಿ ಪೆಟಗಿ ಮಾಡ್ರಿ," ಎಂದೆ.

"ಚೋಕ್ ಕಾಯತದ, ಕಟಗಿ ಸುಡತದ. ತಗಡಿಗೆ ಗಾಳಿ ತೂತ ಹಾಕಿದ್ರ ಮುಗೀತು."

"ರೊಟ್ಟಿ ಎಲ್ಲಿಡ್ಲಿ?"

"ಇಷ್ಟ ದಿನಾ ಗಾಳಿ ಇಲ್ಲದ ಇದ್ವು, ಪಾಪ. ಹೊರಗ ಇರ್ಲಿ."

ಸಂಜೆಯವರೆಗೆ ಕುಳಿತು ಜೋಡಿಸಿದರು. ಫೇಜ್ ವೈರು ಚೋಕಿನ ಮೂಲಕ, ನ್ಯೂಟ್ರಲ್ ನೇರ ದೀಪಕ್ಕೆ. ವೈರು ತಗಡಿಗೆ ತಿಕ್ಕಿ ಹರಿಯದಂತೆ ತೂತಿಗೊಂದು ರಬ್ಬರ್ ಬಳೆ. ಡಬ್ಬಿಯ ಬಣ್ಣ ಕೆರೆದು ಹಸಿರು ಅರ್ಥ್ ವೈರನ್ನು ಬೋಲ್ಟಿಗೆ ಬಿಗಿದರು. ಒಳಗೆ ಏನಾದರೂ ಬಿಚ್ಚಿ ತಗಡಿಗೆ ತಾಗಿದರೆ ಮುಟ್ಟಿದವರಿಗೆ ಕರೆಂಟು ಹೊಡೆಯುತ್ತದೆ, ಆದ್ದರಿಂದ ಮುಚ್ಚಳಕ್ಕೂ ಬೇರೆ ಅರ್ಥ್ ವೈರು ಬೇಕೆಂದರು. ಅದರ ತುದಿಗೆ ಹಾಕುವ ತಾಮ್ರದ ಉಂಗುರ ಒಂದು ಕಡಿಮೆ ಬಿತ್ತು. ನಾಳೆ ದುರ್ಗದಬೈಲಿನ ಅಂಗಡಿಯಿಂದ ತರುತ್ತೇನೆ, ಅಲ್ಲಿಯತನಕ ಯಾರಿಗೂ ಹಚ್ಚಗೊಡಬೇಡ ಎಂದು ಹೇಳಿ ಊಟಕ್ಕೆ ಕುಳಿತರು.

ಮರುದಿನ ಮಧ್ಯಾಹ್ನ ಕೆಲಸದಲ್ಲೇ ಎದೆ ಹಿಡಿದುಕೊಂಡು ಕುಸಿದರು. ಸತ್ತೂರಿನ ದವಾಖಾನೆಗೆ ಒಯ್ದರು. ಸಂಜೆಗೆ ಹೋಗಿಬಿಟ್ಟರು.

ಶಿವಗಣಾರಾಧನೆಯ ದಿನ ನಮ್ಮಲ್ಲಿ ತೀರಿಕೊಂಡವರ ಫೋಟೋದ ಮುಂದೆ ಅವರಿಗೆ ಇಷ್ಟವಾದದ್ದನ್ನು ಇಡುತ್ತಾರೆ. ಹೋಳಿಗೆ, ಎಣಗಾಯಿ, ಹೊಸ ಅಂಗಿ ಇಟ್ಟಾಗಿತ್ತು. ಪಕ್ಕದಲ್ಲೇ ಇರುವ ನಮ್ಮ ಮನೆಯವರ ಕಾಕಾ ದೀಪದ ಸಮೇತ ಡಬ್ಬಿಯನ್ನೂ ಹೊತ್ತು ತಂದರು. ವಿಭೂತಿ ಬಳಿದು, ಹೂವೇರಿಸಿ, ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ತಂಬಿಗೆಯ ನೀರನ್ನೂ ಚಿಮುಕಿಸಿದ್ದರು. ಗಾಳಿಯ ತೂತುಗಳು ಎಲ್ಲವನ್ನೂ ಭಕ್ತಿಯಿಂದ ಒಳಗೆ ತೆಗೆದುಕೊಂಡಿದ್ದವು. ಇನ್ನು ಪ್ಲಗ್ ಹಾಕಿ ಅವನ ದೀಪವನ್ನು ಅವನೆದುರೇ ಬೆಳಗಿಸುವುದು ಕಾಕಾನ ಆಲೋಚನೆ.

ನಾನು ಡಬ್ಬಿಯ ಮೇಲೆ ಕುಳಿತುಬಿಟ್ಟೆ. ಬೇರೆ ಉಪಾಯ ಹೊಳೆಯಲಿಲ್ಲ. ದುಃಖಕ್ಕೆ ಹೀಗಾಗಿದೆ ಎಂದುಕೊಂಡು ಬಂದವರು ಬೆನ್ನು ಸವರಿದರು. ಒಬ್ಬರು ಕುರ್ಚಿ ತಂದುಕೊಟ್ಟರು.

"ಏಳವಾ ತಂಗಿ, ಪೂಜಿ ಆಗೇದ ಅದಕ್ಕ," ಎಂದರು ಕಾಕಾ.

"ಪೂಜಿ ಆಗೇದ್ರಿ ಕಾಕಾ, ಅರ್ಥಿಂಗ್ ಆಗಿಲ್ಲ."

ವೈರಿನ ತುದಿಯ ಪ್ಲಗ್ಗನ್ನು ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡ ಮೇಲೆಯೇ ಎದ್ದೆ. ಅದು ಹೊಟ್ಟೆಗೆ ಒತ್ತುತ್ತಿತ್ತು, ಆದರೂ ಪಂಕ್ತಿ ಮುಗಿಯುವವರೆಗೆ ಬಿಚ್ಚಲಿಲ್ಲ.

ಡಬ್ಬಿ ನಾಲ್ಕು ದಿನ ಬಿಸಿಲಿಗಿತ್ತು. ವಿಭೂತಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದೆ. ಕಾಕಾಗೆ ಅದು ಸರಿಬರಲಿಲ್ಲ, ಮುಖ ತಿರುಗಿಸಿ ಕುಳಿತರು. ದುರ್ಗದಬೈಲಿಗೆ ಹೋಗಿ ಉಂಗುರ ತಂದು ಮುಚ್ಚಳದ ವೈರು ಬಿಗಿದೆ. ಮನೆಯವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಮೀಟರ್ ತಂದು ಒಂದೊಂದೇ ತುದಿ ನೋಡಿದರು. ಸರಿ ಇದೆ ಎಂದು ದೀಪವನ್ನು ಓಣಿಯ ಮೂಲೆಗೆ ಕಟ್ಟಿದ ಮೇಲೆ ಪ್ಲಗ್ ಕೊಟ್ಟೆ.

ದೀಪ ಬಾಡಿದ ಹೂವಿನಂತೆ ಹತ್ತಿತು. ಇಷ್ಟಕ್ಕೆ ಇಷ್ಟು ರಾದ್ಧಾಂತವೇ ಎಂದು ಕಾಕಾ ಸ್ವಿಚ್ ಆರಿಸಿ ಮತ್ತೆ ಹಾಕಿದರು. ಈಗ ಅಷ್ಟೂ ಇಲ್ಲ. ಇಂಥ ದೀಪ ಒಮ್ಮೆ ಆರಿದರೆ ತಣ್ಣಗಾಗುವವರೆಗೆ ಹತ್ತುವುದಿಲ್ಲ ಎಂದು ಮೀಟರಿನವರು ಹೇಳುತ್ತಿದ್ದರೂ ಕೇಳದೆ, ತಮ್ಮ ಕೈಗುಣವೇ ಕೆಟ್ಟದ್ದೆಂದು ಕಾಕಾ ಡಬ್ಬಿಗೆ ಎರಡು ಸಲ ಕೈ ಮುಗಿದರು. ಐದಾರು ನಿಮಿಷಕ್ಕೆ ಅದು ತಾನಾಗಿ ಹತ್ತಿತು, ನಿಧಾನವಾಗಿ ಓಣಿಯೆಲ್ಲ ಬೆಳಗಿತು. ಆ ಹಸಿರುಗಟ್ಟಿದ ಬೆಳಕಿಗೆ ಎಲ್ಲರ ಮುಖವೂ ಸೌತೆಕಾಯಿಯ ಬಣ್ಣಕ್ಕೆ ತಿರುಗಿತು. ನನ್ನನ್ನು ನೋಡಿ ಕಾಕಾ, ಆರಾಮಿದ್ದೀಯಾ ಎಂದು ಕೇಳಿದರು.

ಮುಚ್ಚಳದ ವೈರನ್ನು ಸರಿಯಾಗಿ ಬಿಗಿದಿದ್ದೇನೆ. ನಮ್ಮ ಮನೆಯವರಿಗೆ ತೋರಿಸಲು ಆಗಿಲ್ಲ.